ಒಣಗಿದ ಬಾಡು, ಮುರಿದ ಬಿಸ್ಕತ್ತು ಮತ್ತು ಉಳಿಕೆಯ ಅರ್ಥಶಾಸ್ತ್ರ

ಒಂದು ಕುಟುಂಬದ ಆರ್ಥಿಕ ಸ್ಥಿತಿಯನ್ನು ಅರಿಯಲು ಸಮೀಕ್ಷಕರು ಅದು ಏನನ್ನು ಕೊಳ್ಳುತ್ತದೆ ಎಂದು ಕೇಳಿ ಬರೆದುಕೊಳ್ಳುತ್ತಾರೆ. ಕೊಂಡದ್ದರಲ್ಲಿ ಎಷ್ಟು ಉಳಿಯಿತು, ಉಳಿದದ್ದು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಗೆ ಅವರು ಕೊಡುವ ಮಹತ್ವ ಕಡಿಮೆ. ಆದರೆ ಅಡುಗೆಮನೆಯ ನಿಜವಾದ ಲೆಕ್ಕ ಇರುವುದು ಡಬ್ಬಿಗಳ ತಳದಲ್ಲಿ. ಹಾಗೆ ತಳದಲ್ಲಿ ಉಳಿಯುವ ಪದಾರ್ಥಗಳ ಪೈಕಿ ಎರಡು ನನ್ನ ಕುತೂಹಲವನ್ನು ಬಹುಕಾಲದಿಂದ ಕೆರಳಿಸಿವೆ. ಒಂದು ಒಣಗಿಸಿದ ಮಾಂಸ, ಇನ್ನೊಂದು ಬಿಸ್ಕತ್ತು. ಮೇಲ್ನೋಟಕ್ಕೆ ಇವೆರಡಕ್ಕೂ ಸಂಬಂಧವೇ ಇಲ್ಲ. ಮೊದಲನೆಯದನ್ನು ನಗರದ ಸುಶಿಕ್ಷಿತ ಮನೆಗಳು ಬಹುಮಟ್ಟಿಗೆ ಮರೆತಿವೆ, ಎರಡನೆಯದಿಲ್ಲದೆ ಅದೇ ಮನೆಗಳಲ್ಲಿ ಸಂಜೆಯ ಚಹಾ ಇಳಿಯುವುದಿಲ್ಲ. ಹೀಗಿದ್ದರೂ ಮನುಷ್ಯನ ಆಹಾರದ ಇತಿಹಾಸದಲ್ಲಿ ಇವು ಶತಮಾನಗಳ ಕಾಲ ಒಂದೇ ಪಾತ್ರೆಯಲ್ಲಿ ಬೆಂದಿವೆ.

ಎರಡರ ಹಿಂದಿರುವ ತತ್ತ್ವವೂ ಒಂದೇ: ನೀರನ್ನು ಹೊರಗೆ ಹಾಕಿದರೆ ಆಹಾರ ಕೆಡುವುದಿಲ್ಲ. ಕೊಬ್ಬಿಲ್ಲದ ಹಸಿ ಮಾಂಸದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ ಇರುತ್ತದೆ. ಒಂದು ಕಿಲೋ ಮಾಂಸವನ್ನು, ಐದರಲ್ಲಿ ಒಂದು ಪಾಲು ಮಾತ್ರ ತೇವ ಉಳಿಯುವಷ್ಟು ಒಣಗಿಸಿದರೆ ಕೈಗೆ ಸಿಗುವುದು ಸುಮಾರು 310 ಗ್ರಾಂ. ಬ್ಯಾಕ್ಟೀರಿಯಾಗಳಿಗೆ ಬೆಳೆಯಲು ಬೇಕಾದ ಮುಕ್ತ ನೀರು ಅದರಲ್ಲಿ ಇರುವುದಿಲ್ಲ. ಇದ್ದಬದ್ದ ನೀರನ್ನೂ ಉಪ್ಪು ಹಿಡಿದಿಟ್ಟುಕೊಳ್ಳುತ್ತದೆ. ಬಿಸ್ಕತ್ತಿನ ಕಥೆಯೂ ಹೀಗೆಯೇ. ‘ಎರಡು ಬಾರಿ ಬೆಂದದ್ದು’ ಎಂಬುದು ಆ ಪದದ ಲ್ಯಾಟಿನ್ ಮೂಲಾರ್ಥ. ಒಮ್ಮೆ ಬೇಯಿಸಿ, ಮತ್ತೊಮ್ಮೆ ಒಣಗಿಸಿ ತೇವವನ್ನು ಕಳೆಯುವ ವಿಧಾನವದು. ಆ ಮೂಲಾರ್ಥಕ್ಕೆ ಇಂದು ಹತ್ತಿರವಾಗಿರುವುದು ಚಿನ್ನದ ಕಾಗದದಲ್ಲಿ ಸುತ್ತಿದ ದುಬಾರಿ ಬಿಸ್ಕತ್ತಲ್ಲ, ನಮ್ಮ ಬೀದಿಯ ಬೇಕರಿಯ ರಸ್ಕು.

ಹಾಯಿಹಡಗುಗಳ ಕಾಲದ ನಾವಿಕರು ಬದುಕಿದ್ದು ಈ ಎರಡು ಒಣ ವಸ್ತುಗಳ ಆಶ್ರಯದಲ್ಲಿ. ಇಂಗ್ಲೆಂಡಿನ ನೌಕಾಪಡೆಯ ಆಡಳಿತವನ್ನು ಹದಗೊಳಿಸಿದ ಸ್ಯಾಮ್ಯುಯೆಲ್ ಪೀಪ್ಸ್‌ನ ಕಾಲದಲ್ಲಿ, 1677ರಲ್ಲಿ ಆದ ಆಹಾರ ಪೂರೈಕೆಯ ಒಪ್ಪಂದವು ಪ್ರತಿ ನಾವಿಕನಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಬಿಸ್ಕತ್ತನ್ನು ಗೊತ್ತುಪಡಿಸಿತ್ತು. ಜೊತೆಗೆ ಉಪ್ಪುಗಟ್ಟಿದ ಗೋಮಾಂಸ ಇಲ್ಲವೇ ಹಂದಿಮಾಂಸ. ಬಿಸ್ಕತ್ತು ಕಲ್ಲಿನಂತೆ, ಮಾಂಸ ಚರ್ಮದಂತೆ. ಹಲ್ಲುಗಳೇ ಅಲುಗಾಡುವ ಸ್ಥಿತಿಯಲ್ಲಿದ್ದ ನಾವಿಕರು ಇವನ್ನು ಹಾಗೆಯೇ ತಿನ್ನುವುದು ಕಷ್ಟವಿತ್ತು. ಹಾಗಾಗಿ ಹಡಗಿನ ಅಡುಗೆಯವನು ಮಾಂಸವನ್ನು ನೀರಿನಲ್ಲಿ ನೆನೆಸಿ ಉಪ್ಪಿಳಿಸಿ, ಸಣ್ಣಗೆ ಹೆಚ್ಚಿ, ಈರುಳ್ಳಿ ಮತ್ತು ಮೆಣಸಿನೊಂದಿಗೆ ಕುದಿಸುತ್ತಿದ್ದ. ಕೊನೆಯಲ್ಲಿ ಕುಟ್ಟಿ ಪುಡಿ ಮಾಡಿದ ಬಿಸ್ಕತ್ತನ್ನು ಸುರಿದು ಗಟ್ಟಿ ಮಾಡುತ್ತಿದ್ದ. ಈ ಗಂಜಿಯಂಥ ಪದಾರ್ಥದ ಹೆಸರು ಲಾಬ್‌ಸ್ಕೌಸ್.

ಅದು ಹಡಗಿನಲ್ಲೇ ಉಳಿಯಲಿಲ್ಲ. ಬಂದರುಗಳಲ್ಲಿ ಇಳಿದು ಮನೆಗಳನ್ನು ಹೊಕ್ಕಿತು. ಹ್ಯಾಂಬರ್ಗಿನಲ್ಲಿ ಅದು ಲಾಬ್ಸ್‌ಕೌಸ್ ಆಗಿ, ಬೀಟ್‌ರೂಟು, ಹುರಿದ ಮೊಟ್ಟೆಗಳ ಜೊತೆ ಇಂದಿಗೂ ಹೋಟೆಲುಗಳಲ್ಲಿ ಸಿಗುತ್ತದೆ. ನಾರ್ವೆಯಲ್ಲಿ ಲಾಪ್‌ಸ್ಕೌಸ್ ಎಂದಾಯಿತು. ಲಿವರ್‌ಪೂಲಿನಲ್ಲಿ ಬಿಸ್ಕತ್ತಿನ ಜಾಗಕ್ಕೆ ಆಲೂಗಡ್ಡೆ ಬಂದು ಬರಿಯ ‘ಸ್ಕೌಸ್’ ಉಳಿಯಿತು. ಮಾಂಸ ಕೊಳ್ಳಲಾಗದ ಮನೆಗಳು ಬರೇ ತರಕಾರಿಯಲ್ಲಿ ಮಾಡಿದ್ದನ್ನು ‘ಕುರುಡು ಸ್ಕೌಸ್’ ಎಂದು ಕರೆದುಕೊಂಡವು. ಆ ಊರಿನವರನ್ನು ‘ಸ್ಕೌಸರ್’ ಎಂದು ಅನ್ಯರು ಹೀಯಾಳಿಸಿದ್ದೂ ಉಂಟು. ಇಂದು ಅಲ್ಲಿನ ಜನ ಆ ಹೆಸರನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಬಡವರ ಉಳಿಕೆಯ ಅಡುಗೆಯೊಂದು ಒಂದು ನಗರದ ಗುರುತಾದ ಈ ಪ್ರಸಂಗವನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಏಕೆಂದರೆ ನಮ್ಮಲ್ಲಿ ನಡೆದದ್ದು ಇದಕ್ಕೆ ವಿರುದ್ಧವಾದದ್ದು.

ಒಣಮಾಂಸಕ್ಕಾಗಿ ಯುದ್ಧಗಳೂ ಆಗಿವೆ. ಉತ್ತರ ಅಮೆರಿಕದ ಕ್ರೀ ಮೊದಲಾದ ಮೂಲನಿವಾಸಿಗಳು ಕಾಡೆಮ್ಮೆಯಂಥ ಬೈಸನ್ನಿನ ಮಾಂಸವನ್ನು ಒಣಗಿಸಿ, ಕುಟ್ಟಿ, ಕರಗಿಸಿದ ಕೊಬ್ಬಿನಲ್ಲಿ ಕಲಸಿ ‘ಪೆಮಿಕನ್’ ಎಂಬ ಗಟ್ಟಿ ಆಹಾರವನ್ನು ಮಾಡುತ್ತಿದ್ದರು. ದೋಣಿಗಳಲ್ಲಿ ಸಾವಿರಾರು ಕಿಲೋಮೀಟರ್ ಸಾಗುತ್ತಿದ್ದ ತುಪ್ಪಳದ ವ್ಯಾಪಾರ ನಿಂತಿದ್ದು ಈ ಪೆಮಿಕನ್ ಮೇಲೆ. 1814ರ ಜನವರಿಯಲ್ಲಿ ರೆಡ್ ರಿವರ್ ವಸಾಹತಿನ ಗವರ್ನರ್ ಮೈಲ್ಸ್ ಮ್ಯಾಕ್‌ಡೊನೆಲ್, ತನ್ನ ಪ್ರಾಂತ್ಯದಿಂದ ಪೆಮಿಕನ್ ಹೊರಹೋಗಬಾರದೆಂದು ಘೋಷಣೆ ಹೊರಡಿಸಿದ. ಅದನ್ನು ತಯಾರಿಸಿ ಮಾರುತ್ತಿದ್ದ ಮೆಟಿ ಸಮುದಾಯ ಮತ್ತು ಅದನ್ನು ಕೊಳ್ಳುತ್ತಿದ್ದ ನಾರ್ತ್ ವೆಸ್ಟ್ ಕಂಪನಿ ತಿರುಗಿಬಿದ್ದವು. 1816ರ ಜೂನ್ 19ರಂದು ಸೆವೆನ್ ಓಕ್ಸ್ ಎಂಬಲ್ಲಿ ನಡೆದ ಘರ್ಷಣೆಯಲ್ಲಿ ಮ್ಯಾಕ್‌ಡೊನೆಲ್‌ನ ನಂತರದ ಗವರ್ನರೂ ಸೇರಿ ವಸಾಹತಿನ ಕಡೆಯ 21 ಜನ ಸತ್ತರು. 1821ರಲ್ಲಿ ಹಡ್ಸನ್ಸ್ ಬೇ ಕಂಪನಿಯೂ ನಾರ್ತ್ ವೆಸ್ಟ್ ಕಂಪನಿಯೂ ವಿಲೀನಗೊಂಡ ಮೇಲೆಯೇ ಈ ವೈರ ಕೊನೆಗೊಂಡಿತು. ಇಂದು ಪೆಟ್ರೋಲಿಗೆ ಇರುವ ಆಯಕಟ್ಟಿನ ಬೆಲೆ ಅಂದು ಆ ಪ್ರದೇಶದಲ್ಲಿ ಒಣಮಾಂಸಕ್ಕಿತ್ತು.

ಇದೇ ಪೆಮಿಕನ್ ಮುಂದೆ ದಕ್ಷಿಣ ಧ್ರುವಕ್ಕೆ ಹೋಯಿತು. ಹಿಮವನ್ನು ಕರಗಿಸಿ, ಅದರಲ್ಲಿ ಪೆಮಿಕನ್ ಮತ್ತು ಬಿಸ್ಕತ್ತಿನ ಚೂರುಗಳನ್ನು ಹಾಕಿ ಕುದಿಸಿದ ‘ಹೂಶ್’ ಎಂಬ ಅಂಬಲಿಯೇ ಬ್ರಿಟಿಷ್ ಅನ್ವೇಷಕರ ಮುಖ್ಯ ಊಟ. ಕ್ಯಾಪ್ಟನ್ ಸ್ಕಾಟ್‌ನ ಕೊನೆಯ ಯಾತ್ರೆಯಲ್ಲಿ ಎತ್ತರದ ಹಿಮಭೂಮಿಗೆಂದು ನಿಗದಿಯಾದ ದಿನದ ಪಡಿ ತಲಾ ಸುಮಾರು 450 ಗ್ರಾಂ ಬಿಸ್ಕತ್ತು, 340 ಗ್ರಾಂ ಪೆಮಿಕನ್, ಜೊತೆಗೆ ಸ್ವಲ್ಪ ಸಕ್ಕರೆ, ಬೆಣ್ಣೆ, ಕೋಕೋ ಮತ್ತು ಚಹಾ. ಲೆಕ್ಕಕ್ಕೆ ಇದು ಭಾರಿ ಊಟವೇ. ಆದರೆ ಬಂಡಿಯನ್ನು ಮನುಷ್ಯರೇ ಎಳೆಯುವ ಆ ಚಳಿಯ ದುಡಿಮೆಗೆ ಅದು ಸಾಲಲಿಲ್ಲ. ‘ಸಿ’ ಜೀವಸತ್ವವಂತೂ ಅದರಲ್ಲಿ ಇರಲೇ ಇಲ್ಲ. 1912ರ ಜನವರಿ 17ರಂದು ಧ್ರುವವನ್ನು ಮುಟ್ಟಿದ ಸ್ಕಾಟ್, ಮಾರ್ಚ್ ಕೊನೆಯಲ್ಲಿ ಮುಂದಿನ ಆಹಾರದ ದಾಸ್ತಾನಿನಿಂದ ಕೇವಲ 11 ಮೈಲಿ ದೂರದ ಡೇರೆಯಲ್ಲಿ ಅಸುನೀಗಿದ.

ಅದಕ್ಕೆ ಮೂರು ವರ್ಷ ಹಿಂದೆ, 1909ರ ಜನವರಿ 31ರಂದು, ಅರ್ನೆಸ್ಟ್ ಶಾಕಲ್‌ಟನ್ ಹಸಿವಿನಿಂದ ಕಂಗೆಟ್ಟಿದ್ದ ತನ್ನ ಸಂಗಡಿಗ ಫ್ರಾಂಕ್ ವೈಲ್ಡ್‌ಗೆ ತನ್ನ ಪಾಲಿನ ಒಂದೇ ಒಂದು ಬಿಸ್ಕತ್ತನ್ನು ಒತ್ತಾಯದಿಂದ ಕೊಟ್ಟಿದ್ದ. ಸಾವಿರಾರು ಪೌಂಡು ಕೊಟ್ಟರೂ ಆ ಬಿಸ್ಕತ್ತು ಸಿಗದು ಎಂಬರ್ಥದ ಮಾತನ್ನು ವೈಲ್ಡ್ ತನ್ನ ದಿನಚರಿಯಲ್ಲಿ ಬರೆದುಕೊಂಡ. ನೀರು ಅಗ್ಗ, ವಜ್ರ ದುಬಾರಿ ಏಕೆ ಎಂದು ಆಡಂ ಸ್ಮಿತ್ 1776ರಲ್ಲಿ ಎತ್ತಿದ ಪ್ರಶ್ನೆಯನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಓದುತ್ತಾರೆ. ವಸ್ತುವಿನ ಬೆಲೆ ಅದರೊಳಗೆ ಇಲ್ಲ, ಅದು ಎಷ್ಟು ವಿರಳ ಎಂಬುದರಲ್ಲಿದೆ ಎಂಬ ಉತ್ತರಕ್ಕೆ ಆ ಒಂದು ಬಿಸ್ಕತ್ತಿಗಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಂಡಿಲ್ಲ.

ಇನ್ನು ನಮ್ಮ ನಾಡಿಗೆ ಬರೋಣ. ಹಳೆ ಮೈಸೂರಿನ ಹಳ್ಳಿಗಳಲ್ಲಿ ಒಣಗಿಸಿದ ಮಾಂಸಕ್ಕೆ ‘ಕೊರಬಾಡು’ ಎಂಬ ಹೆಸರಿದೆ. ನಾನು ಹುಟ್ಟಿದ್ದು ಮಂಡ್ಯ ಸೀಮೆಯ ಒಂದು ಒಕ್ಕಲು ಮನೆಯಲ್ಲಿ. ಮಾರಿಹಬ್ಬದ ಮರುದಿನ ಮಿಕ್ಕ ಮಾಂಸವನ್ನು ನನ್ನ ತಾಯಿ ಉದ್ದುದ್ದ ಎಳೆಗಳಾಗಿ ಸೀಳಿ, ಉಪ್ಪು, ಅರಿಸಿನ ಸವರಿ, ಹಗ್ಗಕ್ಕೆ ಪೋಣಿಸಿ ಬಿಸಿಲಿಗೆ ಕಟ್ಟುತ್ತಿದ್ದರು. ನಾಲ್ಕಾರು ದಿನ ಒಣಗಿದ ಮೇಲೆ ಅದು ಒಲೆಯ ಮೇಲಿನ ಹೊಗೆಗೆ ಏರುತ್ತಿತ್ತು. ಮುಂದಿನ ತಿಂಗಳುಗಳಲ್ಲಿ, ಕೈಯಲ್ಲಿ ಕಾಸಿಲ್ಲದ ವಾರಗಳಲ್ಲಿ, ಅದರಿಂದ ಒಂದು ಹಿಡಿ ಇಳಿದು ಹುರುಳಿಕಾಳಿನ ಜೊತೆಯೋ ಬದನೆಕಾಯಿಯ ಜೊತೆಯೋ ಬೆಂದು ಮುದ್ದೆಯ ಪಕ್ಕಕ್ಕೆ ಬರುತ್ತಿತ್ತು. ಶೀತಲ ಪೆಟ್ಟಿಗೆ ಇಲ್ಲದ ಮನೆಯಲ್ಲಿ ಹಬ್ಬದ ಒಂದು ದಿನದ ಸಮೃದ್ಧಿಯನ್ನು ಬಡತನದ ಹತ್ತು ದಿನಗಳಿಗೆ ಹಂಚುವ ಉಪಾಯ ಇದು. ಬ್ಯಾಂಕಿನ ಮೆಟ್ಟಿಲು ಹತ್ತದ ಹೆಣ್ಣುಮಗಳೊಬ್ಬಳು ನಿರ್ವಹಿಸುತ್ತಿದ್ದ ಠೇವಣಿ ಎಂದರೂ ತಪ್ಪಾಗದು.

ಕೊಡಗಿನ ಮನೆಗಳಲ್ಲಿ ಹೊಗೆಯಲ್ಲಿ ಒಣಗಿದ ಮಾಂಸವೂ, ಕರಾವಳಿಯಲ್ಲಿ ಒಣಮೀನೂ ಮಾಡುವ ಕೆಲಸ ಇದನ್ನೇ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ಮಳೆಗಾಲದಲ್ಲಿ ಬಡವರ ಗಂಜಿಗೆ ರುಚಿಯನ್ನೂ ಪ್ರೋಟೀನನ್ನೂ ಒದಗಿಸುವುದು ಬೇಸಿಗೆಯ ಬಿಸಿಲಿನಲ್ಲಿ ಒಣಗಿಸಿಟ್ಟ ಮೀನು.

ಆದರೆ ಇದನ್ನೆಲ್ಲ ರಮ್ಯವಾಗಿ ವರ್ಣಿಸಿ ಸುಮ್ಮನಾಗುವುದು ಅನ್ಯಾಯವಾದೀತು. ಒಣಮಾಂಸದ ಹಿಂದೆ ಜಾತಿಯ ಕಹಿ ಚರಿತ್ರೆಯೂ ಇದೆ. ಸತ್ತ ದನವನ್ನು ಎಳೆದೊಯ್ಯುವುದು ಕೆಲವು ಸಮುದಾಯಗಳ ಮೇಲೆ ಹೇರಿದ ಕೆಲಸವಾಗಿತ್ತು; ಆ ಮಾಂಸವನ್ನು ಒಣಗಿಸಿ ಇಟ್ಟುಕೊಳ್ಳುವುದು ಅವರ ಆಯ್ಕೆಯಾಗಿರಲಿಲ್ಲ. 1927ರ ಮಾರ್ಚ್ ತಿಂಗಳ ಮಹಾಡ್ ಸಮ್ಮೇಳನದಲ್ಲಿ ಸತ್ತ ಪ್ರಾಣಿಯ ಮಾಂಸವನ್ನು ತೊರೆಯಿರೆಂದು ಡಾ. ಅಂಬೇಡ್ಕರ್ ಕರೆ ಕೊಟ್ಟದ್ದು ಇದೇ ಕಾರಣಕ್ಕೆ. ಮರಾಠವಾಡದ ದಲಿತ ಅಡುಗೆಮನೆಗಳನ್ನು ಕುರಿತು ಶಾಹು ಪಾಟೋಳೆಯವರು 2015ರಲ್ಲಿ ಮರಾಠಿಯಲ್ಲಿ ಪುಸ್ತಕ ಬರೆದರು. 2024ರಲ್ಲಿ ಅದು ಇಂಗ್ಲಿಷಿಗೂ ಬಂತು. ಅಡುಗೆ ಪುಸ್ತಕಗಳ ಕಪಾಟಿನಲ್ಲಿ ಈ ಆಹಾರಕ್ಕೆ ಜಾಗ ಸಿಗಲು ಸ್ವಾತಂತ್ರ್ಯ ಬಂದು ಇಷ್ಟು ವರ್ಷಗಳು ಬೇಕಾದವು. ಹೇರಿಕೆಯನ್ನು ಖಂಡಿಸಬೇಕು, ನಿಜ. ಆ ಹೇರಿಕೆಯ ನಡುವೆಯೂ ಜನ ಕಂಡುಕೊಂಡ ಸಂರಕ್ಷಣೆಯ ಜ್ಞಾನವನ್ನು ಗೌರವಿಸುವುದೂ ಅಷ್ಟೇ ಮುಖ್ಯ.

ಈ ಗೌರವ ನಗರದಲ್ಲಿ ಎಷ್ಟಿದೆ ಎಂಬುದಕ್ಕೆ ಒಂದು ಪ್ರಸಂಗವನ್ನು ಹೇಳಬೇಕು. ನಾನು ವಾಸಿಸುವ ವಸತಿ ಸಮುಚ್ಚಯದಲ್ಲಿ ತಾರಸಿಯ ಮೇಲಿನ ಕೋಣೆಯೊಂದರಲ್ಲಿ ಕಾವಲುಗಾರನ ಸಂಸಾರವಿತ್ತು. ಊರಹಬ್ಬಕ್ಕೆ ಹೋಗಿ ಬಂದಿದ್ದ ಆತನ ಪತ್ನಿ ಒಂದು ಮೂಲೆಯಲ್ಲಿ ಹಗ್ಗ ಕಟ್ಟಿ ಬಾಡನ್ನು ಒಣಹಾಕಿದಳು. ಎರಡನೆಯ ದಿನವೇ ಮಾಂಸ, ಮೀನುಗಳನ್ನು ತಾರಸಿಯಲ್ಲಿ ಒಣಗಿಸಕೂಡದೆಂದು ನಿವಾಸಿಗಳ ಸಂಘದ ಸೂಚನೆ ಹೊರಬಿತ್ತು. ಅದೇ ತಾರಸಿಯಲ್ಲಿ ಅದೇ ವಾರ ಐದಾರು ಮನೆಗಳ ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ ಹರಡಿದ್ದವು. ಸಭೆಯಲ್ಲಿ ನಾನು ಈ ವ್ಯತ್ಯಾಸದ ಕಾರಣವನ್ನು ಕೇಳಿದೆ. ಮೊದಲು ವಾಸನೆ ಎಂದರು. ಆಮೇಲೆ ಕಾಗೆಗಳು ಎಂದರು. ಕೊನೆಗೆ ಒಬ್ಬರು ಸಂಸ್ಕೃತಿ ಎಂದರು. ತೆಳ್ಳನೆಯ ಬಲೆ ಹಾಕಿದರೆ ಕಾಗೆಯ ಸಮಸ್ಯೆ ಪರಿಹಾರವಾಗುತ್ತದೆ, ಮೂರು ದಿನ ಗಾಳಿ ಬೀಸುವ ದಿಕ್ಕಿನ ಮೂಲೆ ಕೊಟ್ಟರೆ ವಾಸನೆಯ ಸಮಸ್ಯೆಯೂ ತೀರುತ್ತದೆ ಎಂದೆ. ಸಂಸ್ಕೃತಿಯ ಸಮಸ್ಯೆಗೆ ನನ್ನ ಬಳಿ ಬಲೆ ಇರಲಿಲ್ಲ. ನಿರ್ಣಯ ಬಹುಮತದಿಂದ ಅಂಗೀಕಾರವಾಯಿತು. ಮೂವತ್ತು ವರ್ಷಗಳ ಸರ್ಕಾರಿ ಅಭ್ಯಾಸದಂತೆ ನನ್ನ ಭಿನ್ನಾಭಿಪ್ರಾಯವನ್ನು ನಡಾವಳಿಯಲ್ಲಿ ದಾಖಲಿಸಿದೆ. ಆಕೆ ಅರೆಬರೆ ಒಣಗಿದ ಬಾಡನ್ನು ಹಗ್ಗದಿಂದ ಬಿಚ್ಚಿ, ಅಂದೇ ಬೇಯಿಸಿಬಿಟ್ಟಳು.

ಅದೇ ಸಮುಚ್ಚಯದ ಕಸದ ಬುಟ್ಟಿಗಳಲ್ಲಿ ಮುಂಜಾನೆ ಕಾಣುವುದೇನು? ಅರ್ಧ ತೆರೆದು ಮೆತ್ತಗಾದ ಬಿಸ್ಕತ್ತಿನ ಪೊಟ್ಟಣಗಳು, ಉಡುಗೊರೆಯಾಗಿ ಬಂದು ಯಾರೂ ಮುಟ್ಟದ ಕುಕೀಸ್ ಡಬ್ಬಿಗಳು, ಪ್ರವಾಸಕ್ಕೆಂದು ಕೊಂಡು ಮಿಕ್ಕ ವಿದೇಶಿ ‘ಜರ್ಕಿ’ಯ ಲಕೋಟೆಗಳು. ಜರ್ಕಿ ಎಂದರೂ ಒಣಮಾಂಸವೇ. ದಕ್ಷಿಣ ಅಮೆರಿಕದ ಕೆಚುವಾ ಭಾಷೆಯ ‘ಚಾರ್ಕಿ’ ಎಂಬ ಪದದಿಂದ ಆ ಹೆಸರು ಬಂದಿದೆ. ವಿಮಾನ ನಿಲ್ದಾಣದ ಅಂಗಡಿಯಲ್ಲಿ ಅದು ಆಧುನಿಕ ತಿನಿಸು, ತಾರಸಿಯ ಹಗ್ಗದ ಮೇಲೆ ಅಸಹ್ಯ!

ಈ ಚೆಲ್ಲಾಟದ ಪ್ರಮಾಣ ಸಣ್ಣದಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರಲ್ಲಿ ಜಗತ್ತಿನಲ್ಲಿ ವ್ಯರ್ಥವಾದ ಆಹಾರ 105 ಕೋಟಿ ಟನ್. ಅದರಲ್ಲಿ ಶೇ 60ರಷ್ಟು ಹೋಟೆಲುಗಳಿಂದಲ್ಲ, ಅಂಗಡಿಗಳಿಂದಲ್ಲ, ಮನೆಗಳಿಂದ ಬಂದದ್ದು. ಭಾರತದ ಮನೆಗಳ ಪಾಲು ತಲಾ ವರ್ಷಕ್ಕೆ ಸುಮಾರು 55 ಕಿಲೋ ಎಂಬುದು ಆ ವರದಿಯ ಅಂದಾಜು. ತಿನ್ನಲಾಗದ ಸಿಪ್ಪೆ, ಮೂಳೆಗಳೂ ಇದರಲ್ಲಿ ಸೇರಿವೆ. ಆದರೂ ನಾಲ್ವರ ಸಂಸಾರಕ್ಕೆ 220 ಕಿಲೋ ಎಂಬುದು ಯೋಚಿಸಬೇಕಾದ ಸಂಖ್ಯೆಯೇ. ಇನ್ನೊಂದು ಅಂಶ: 2022-23ರ ಗೃಹ ಬಳಕೆ ವೆಚ್ಚ ಸಮೀಕ್ಷೆಯಂತೆ ನಗರದ ಕುಟುಂಬಗಳು ತಮ್ಮ ಒಟ್ಟು ವೆಚ್ಚದಲ್ಲಿ ಶೇ 10ಕ್ಕಿಂತ ಹೆಚ್ಚನ್ನು ಪಾನೀಯ ಮತ್ತು ಸಂಸ್ಕರಿತ ಆಹಾರಗಳಿಗೆ ಮೀಸಲಿಟ್ಟಿವೆ, ಧಾನ್ಯಗಳಿಗೆ ಮಾಡುವ ವೆಚ್ಚ ಅದಕ್ಕಿಂತ ಬಹಳ ಕಡಿಮೆ. ಪೊಟ್ಟಣದ ಆಹಾರ ಹೆಚ್ಚಿದಂತೆ ಅರ್ಧ ತಿಂದ ಪೊಟ್ಟಣಗಳೂ ಹೆಚ್ಚುವುದು ಸಹಜ.

ಬಿಸ್ಕತ್ತು ನಮ್ಮಲ್ಲಿ ಶ್ರೀಮಂತರ ತಿನಿಸಾಗಿ ಬಂದು ಬಡವರ ಊಟವಾದ ವಸ್ತು. 1892ರಲ್ಲಿ ಕೋಲ್ಕತ್ತದಲ್ಲಿ ಬ್ರಿಟಾನಿಯಾದ ಉದ್ಯಮ ಆರಂಭವಾಯಿತು. ಪಾರ್ಲೆ ಸಂಸ್ಥೆಯ ಗ್ಲುಕೋ ಬಿಸ್ಕತ್ತು 1939ರಿಂದ ಇದೆ. 2020ರ ಲಾಕ್‌ಡೌನ್ ವೇಳೆ ಊರಿಗೆ ನಡೆದು ಹೊರಟ ಕೂಲಿಕಾರರ ಕೈಗೆ ಸ್ವಯಂಸೇವಕರು ಕೊಟ್ಟದ್ದು ಈ ಸಣ್ಣ ಪೊಟ್ಟಣಗಳನ್ನೇ. ಹಡಗಿನ ನಾವಿಕನಂತೆ, ಹಿಮದ ಅನ್ವೇಷಕನಂತೆ, ಹೆದ್ದಾರಿಯ ಕೂಲಿಕಾರನೂ ಒಣ ಬಿಸ್ಕತ್ತಿನ ಮೇಲೆ ದಾರಿ ಸವೆಸಿದ. ಅದನ್ನು ಕಂಡ ನಾವು ಮೆತ್ತಗಾದ ಬಿಸ್ಕತ್ತನ್ನು ಯೋಚಿಸದೆ ಎಸೆಯುವುದು ಸರಿಯಲ್ಲ.

ಉಪಯೋಗಿಸುವ ದಾರಿಗಳು ಸುಲಭ. ತಳದಲ್ಲಿ ಉಳಿದ ಕೊರಬಾಡಿನ ಚೂರುಗಳನ್ನು ತೊಳೆದು, ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಬಿಸಿನೀರಿನಲ್ಲಿ ನೆನೆಸಿ, ಉಪ್ಪು ಹೆಚ್ಚಿದ್ದರೆ ಆ ನೀರನ್ನು ಚೆಲ್ಲಿ, ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಬೇಕು. ಬೆಂದದ್ದನ್ನು ಒರಳಿನಲ್ಲಿ ಜಜ್ಜಿ, ಈರುಳ್ಳಿ, ಹಸಿಮೆಣಸಿನಕಾಯಿ, ಶುಂಠಿ, ಕೊತ್ತಂಬರಿ ಸೊಪ್ಪು ಸೇರಿಸಿ, ಒಂದು ಬಟ್ಟಲು ಮಾಂಸಕ್ಕೆ ಕಾಲು ಬಟ್ಟಲಿನಷ್ಟು ರಸ್ಕು ಅಥವಾ ಸಿಹಿಯಿಲ್ಲದ ಬಿಸ್ಕತ್ತಿನ ಪುಡಿ ಕಲಸಿದರೆ ವಡೆಯಾಗಿ ತಟ್ಟಿ ಕಾವಲಿಯ ಮೇಲೆ ಬೇಯಿಸಬಹುದು. ಅದೇ ಪುಡಿಯನ್ನು ಎರಡು ಚಮಚ ಹುರಿದು ಸಾರಿಗೆ ಹಾಕಿದರೆ ಹುರಿಗಡಲೆಯ ಕೆಲಸವನ್ನು ಮಾಡುತ್ತದೆ. ಬಿಸ್ಕತ್ತಿನಲ್ಲೂ ಬಾಡಿನಲ್ಲೂ ಉಪ್ಪು ಇರುವುದರಿಂದ, ಉಪ್ಪನ್ನು ಕೊನೆಯಲ್ಲಿ ರುಚಿ ನೋಡಿಯೇ ಹಾಕಬೇಕು. ಶಾಕಾಹಾರಿಗಳು ಬಾಡಿನ ಬದಲು ಬೇಯಿಸಿದ ತರಕಾರಿಯನ್ನೋ ಕಾಳನ್ನೋ ಬಳಸಿದರೆ ನಮ್ಮದೇ ‘ಕುರುಡು ಸ್ಕೌಸ್’ ಸಿದ್ಧವಾಗುತ್ತದೆ. ಸಿಹಿ ಬಿಸ್ಕತ್ತು ಇದಕ್ಕೆಲ್ಲ ಹೊಂದದು. ಅದನ್ನು ಹಾಲು, ಏಲಕ್ಕಿಯೊಡನೆ ಪಾಯಸದಂತೆ ಕುದಿಸಬಹುದು. ಕಾಯಿತುರಿ ಸೇರಿಸಿ ಉಂಡೆ ಕಟ್ಟಬಹುದು. ಬರೇ ಮೆತ್ತಗಾದದ್ದನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲಿಟ್ಟರೆ ಗರಿಗರಿಯಾಗುತ್ತದೆ.

ಮಿತವ್ಯಯದ ಹೆಸರಿನಲ್ಲಿ ಆರೋಗ್ಯವನ್ನು ಪಣಕ್ಕಿಡಬಾರದು ಎಂಬುದನ್ನೂ ಹೇಳಬೇಕು. ಬೂಷ್ಟು ಹಿಡಿದ ಮಾಂಸ, ಬೂಷ್ಟು ಹಿಡಿದ ಬಿಸ್ಕತ್ತು ಎರಡನ್ನೂ ಎಸೆಯಬೇಕು. ಬೇಯಿಸಿದ ಮಾತ್ರಕ್ಕೆ ಅದರ ವಿಷ ಹೋಗುವುದಿಲ್ಲ. ಕಮಟು ಹಿಡಿದ ಕೊಬ್ಬೂ ಹಾಗೆಯೇ. ನೆನೆಸಿದ ಒಣಮಾಂಸ ಹಸಿ ಮಾಂಸಕ್ಕೆ ಸಮ, ಅದನ್ನು ಅಂದೇ ಬೇಯಿಸಿ ಮುಗಿಸಬೇಕು. ಪೊಟ್ಟಣದ ಮೇಲಿನ ‘ಈ ದಿನಾಂಕದೊಳಗೆ ಉತ್ತಮ’ ಎಂಬ ಮಾತು ಗುಣಮಟ್ಟವನ್ನು ಕುರಿತದ್ದು, ‘ಈ ದಿನಾಂಕದೊಳಗೆ ಬಳಸಿ’ ಎಂಬುದು ಸುರಕ್ಷತೆಯನ್ನು ಕುರಿತದ್ದು. ಈ ಭೇದ ತಿಳಿದರೆ ಅನೇಕ ಪೊಟ್ಟಣಗಳು ಕಸದ ಬುಟ್ಟಿಯಿಂದ ಪಾರಾಗುತ್ತವೆ.

ಸರ್ಕಾರ ಮಾಡಬಹುದಾದ ಕೆಲಸವೂ ಒಂದಿದೆ. ಆಹಾರ ಸಂರಕ್ಷಣೆಯ ವಿಜ್ಞಾನದಲ್ಲಿ ಕರ್ನಾಟಕ ಹಿಂದುಳಿದ ರಾಜ್ಯವಲ್ಲ. ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ 1950ರಿಂದ ಮೈಸೂರಿನಲ್ಲಿದೆ. ಸೈನಿಕರು ಹಿಮಪ್ರದೇಶಗಳಲ್ಲಿ ಉಣ್ಣಬಹುದಾದ ಬಾಳಿಕೆಯ ಆಹಾರವನ್ನು ರೂಪಿಸಲೆಂದೇ 1961ರಲ್ಲಿ ಅದೇ ಊರಿನಲ್ಲಿ ರಕ್ಷಣಾ ಆಹಾರ ಸಂಶೋಧನಾಲಯ ಆರಂಭವಾಗಿ ದಶಕಗಳ ಕಾಲ ದುಡಿಯಿತು. ಪೆಮಿಕನ್ನಿನ ವೈಜ್ಞಾನಿಕ ವಾರಸುದಾರರು ಮೈಸೂರಿನಲ್ಲೇ ಇದ್ದರು ಎಂದಾಯಿತು. ಹಪ್ಪಳ, ಉಪ್ಪಿನಕಾಯಿಗಳಿಗೆ ತರಬೇತಿ, ಸಾಲ, ಮಾರುಕಟ್ಟೆ ಒದಗಿಸುವ ಸ್ವಸಹಾಯ ಸಂಘಗಳ ಯೋಜನೆಗಳಲ್ಲಿ ಒಣಮೀನು, ಒಣಮಾಂಸಗಳಿಗೂ ಜಾಗ ಕೊಡಬೇಕು. ಮುಚ್ಚಿದ ಸೌರ ಒಣಗೂಡುಗಳನ್ನು ಹಳ್ಳಿಗಳಿಗೂ ನಗರದ ಬಡಾವಣೆಗಳಿಗೂ ಒದಗಿಸಿದರೆ ಧೂಳು, ನೊಣ, ವಾಸನೆಗಳ ದೂರು ತಾನಾಗಿ ಕಡಿಮೆಯಾಗುತ್ತದೆ. ಇದಕ್ಕೆ ಹೊಸ ಸಂಶೋಧನೆ ಬೇಕಿಲ್ಲ. ಬಿಸಿಲು, ಬಲೆ ಮತ್ತು ಗಾಜಿನ ಹೊದಿಕೆ ಸಾಕು.

ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ನಮ್ಮಲ್ಲಿದೆ. ದುಡಿಮೆಯನ್ನು ಕುರಿತ ಆ ಮಾತು ದಾಸ್ತಾನನ್ನು ಕುರಿತೂ ಸತ್ಯ. ಕುಡಿಕೆಯನ್ನು ತುಂಬಿಸುವ ಕಲೆ ಬಲ್ಲವರನ್ನು ತಾರಸಿಯಿಂದ ಕೆಳಗಿಳಿಸಿ, ನಾವು ಮಾತ್ರ ಕುಡಿಕೆಯನ್ನು ಕಸದ ಬುಟ್ಟಿಗೆ ಬರಿದು ಮಾಡುತ್ತಾ ಹೋದರೆ ಯಾವ ಆರ್ಥಿಕ ಬೆಳವಣಿಗೆಯೂ ಆ ನಷ್ಟವನ್ನು ತುಂಬಿಕೊಡಲಾರದು. ಮುಂದಿನ ಬೇಸಿಗೆಯಲ್ಲಿ ಸಂಡಿಗೆಯ ಪಕ್ಕದಲ್ಲಿ ಒಂದು ಹಗ್ಗಕ್ಕೂ ಜಾಗವಿರಲಿ.